ಉಂಗುರವೂ ಅಶರೀರವಾಣಿಯೂ

ಮನುಷ್ಯನು ತಾನೇ ತಾನೆಂಬುದನ್ನು ಪರರಿಗೆ ತೋರಿಸಿಕೊಡಲಾರದೆ ಹೋದರೆ ಆ ದೋಷವು ಯಾರದು? ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ಉಂಗುರದ ಮಾತೇ ಇಲ್ಲ. ದುಷ್ಯಂತನು ಆಕೆಯನ್ನು ಬಲ್ಲನು. ಆದರೂ ಲೋಕದ ಸಂಶಯಕ್ಕಂಜಿ ಅರಿಯೆನೆನ್ನುವನು. ಅಶರೀರವಾಣಿಯು ನುಡಿದ ಬಳಿಕವೇ ಕೈಹಿಡಿಯುವನು. ಕಾಳಿದಾಸನಾದರೋ ಗುರುತಿನ ಭಾರವನ್ನೆಲ್ಲ ಉಂಗುರದ ಮೇಲಿರಿಸಿದನು.

ಇಂದು ಬ್ಯಾಂಕಿನ ಖಾತೆಗಾಗಲಿ ಮಿಂಚಂಚೆಯ ಖಾತೆಗಾಗಲಿ ಗುಪ್ತಪದವೊಂದೇ ಸಾಲದು; ಎರಡನೆಯ ಸಾಕ್ಷ್ಯವಾಗಿ ಮೊಬೈಲಿಗೆ ಬರುವ ಸಂಖ್ಯೆಯನ್ನೂ ಒಪ್ಪಿಸಬೇಕು. ಗುಪ್ತಪದವನ್ನು ಕದ್ದವನು ಇದರಿಂದ ಬಾಗಿಲಲ್ಲೇ ನಿಲ್ಲುವನಾದುದರಿಂದ ಈ ಕಟ್ಟಳೆಯನ್ನು ನಾವು ದೂಷಿಸಲಾರೆವು. ನಮ್ಮ ಸೇಡಂ ಸೀಮೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರೂ ತಾಮ್ರಶಾಸನಗಳಿಗೆ ಗರುಡಮುದ್ರೆಯನ್ನು ಹಾಕಿಸುತ್ತಿದ್ದರಷ್ಟೆ.

ಆದರೆ ಈ ಸಂಖ್ಯೆಯು ಅಶರೀರವಾಣಿಯಂತೆ ಆಕಾಶದಿಂದಲೇ ಇಳಿಯಬೇಕು. ಚಿಂಚೋಳಿಯ ಕಾಡಂಚಿನ ತಗ್ಗಿಗೆ ಗೋಪುರದ ಅಲೆಯು ತಲುಪದಿದ್ದರೆ, ಅಥವಾ ಶಹಾಬಾದಿನ ದಪ್ಪ ಕಲ್ಲುಗೋಡೆಯನ್ನು ಅದು ಭೇದಿಸದಿದ್ದರೆ, ತಂತಿಯ ಮೂಲಕ ಇಂಟರ್ನೆಟ್ಟು ಬಂದಿದ್ದರೂ ವಾಣಿಯು ನುಡಿಯದು. ಮಾಳಿಗೆಯೇರಿ ಸಂಖ್ಯೆಯನ್ನು ಹಿಡಿದು ಇಳಿಯುವಷ್ಟರಲ್ಲಿ ಅದರ ಆಯುಷ್ಯವೇ ಮುಗಿದಿರುವುದುಂಟು!

ಇದಕ್ಕಿಂತ ವಿಚಾರಾರ್ಹವಾದುದು ಇನ್ನೊಂದು. ವಾಡಿ, ಚಿತ್ತಾಪುರಗಳ ಕಡೆಯಿಂದ ಮಕ್ಕಳು ಹೈದರಾಬಾದು, ಪುಣೆಗಳಿಗೆ ದುಡಿಯಹೋಗುವರು. ಊರಿನಲ್ಲಿ ಸಿಗ್ನಲ್ ದುರ್ಲಭವೆಂದು ತಾಯಿಯ ಖಾತೆಗೆ ಮಗನ ಮೊಬೈಲನ್ನೇ ಜೋಡಿಸುವರು. ಮಗನು ಸಜ್ಜನನೇ ಇರಬಹುದು. ಆದರೆ ಆ ತಾಯಿಯು ತಾನೇ ತಾನೆಂಬ ಸಾಕ್ಷ್ಯವು ಪರರ ಜೇಬಿನಲ್ಲಿರುವುದು. ಅವಳ ಹಣಕ್ಕೆ ಅವಳೇ ಅನುಮತಿ ಕೇಳಬೇಕು. ಇದನ್ನು ರಕ್ಷಣೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಉಂಗುರದ ಮಾರ್ಗವೂ ಉಂಟೆಂಬುದನ್ನು ವಾಚಕರು ಗಮನಿಸಬೇಕು. 2011ರಲ್ಲಿ ಪ್ರಕಟವಾದ ಒಂದು ವಿಧಾನದಂತೆ, ಖಾತೆಯವರೂ ಮೊಬೈಲೂ ಒಂದು ರಹಸ್ಯವನ್ನು ಮೊದಲೊಮ್ಮೆ ಹಂಚಿಕೊಳ್ಳುವರು. ಚೌಕಟ್ಟಾದ ಚಿತ್ರವೊಂದನ್ನು ಕ್ಯಾಮೆರಾಕ್ಕೆ ತೋರಿಸಿದರೆ ಸಾಕು. ಅನಂತರ ಆ ರಹಸ್ಯವನ್ನೂ ಗಡಿಯಾರದ ಹೊತ್ತನ್ನೂ ಕೂಡಿಸಿ ಇಬ್ಬರೂ ಬೇರೆಬೇರೆಯಾಗಿ ಗಣಿತ ಮಾಡುವರು. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ 6 ಅಂಕಿಗಳ ಹೊಸ ಸಂಖ್ಯೆ ಮೂಡುವುದು. ದೂತನೂ ಬೇಡ, ಗೋಪುರವೂ ಬೇಡ. ಮೊಬೈಲಿನ ಗಡಿಯಾರವು ಸರಿಯಾಗಿದ್ದರಾಯಿತು. ಉಂಗುರವು ಶಚೀತೀರ್ಥದಲ್ಲಿ ಜಾರಿದಂತೆ ಮೊಬೈಲೂ ಕಳೆಯಬಹುದಾದುದರಿಂದ, ಗೂಗಲ್ ಸಂಸ್ಥೆಯು ಒಂದೊಂದು ಸಲಕ್ಕೆ ಮಾತ್ರ ಸಲ್ಲುವ 10 ಸಂಖ್ಯೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಲು ಕೊಡುವುದು.

ನಮ್ಮ ಬ್ಯಾಂಕುಗಳಲ್ಲಿ ಹಲವು ಇನ್ನೂ ವಾಣಿಯನ್ನೇ ನೆಚ್ಚಿವೆ. ಎರಡನೆಯ ಸಾಕ್ಷ್ಯವು ಸಂದೇಶದ ರೂಪದಲ್ಲಿಯೇ ಇರಬೇಕೆಂಬ ನಿರ್ಬಂಧವಿಲ್ಲವೆಂಬುದು ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶದಿಂದಲೂ ತಿಳಿಯುವುದು. ಕಟ್ಟಳೆಯನ್ನು ಸಡಿಲಿಸಿದರೆ ಕಳ್ಳರಿಗೆ ಅನುಕೂಲವೆಂದು ಆಕ್ಷೇಪಿಸುವರುಂಟು. ಸಡಿಲಿಸಿರೆಂದು ಯಾರೂ ಕೇಳುತ್ತಿಲ್ಲ. ಸಾಕ್ಷ್ಯವನ್ನು ಕೇಳುವವನೇ, ಕೇಳಲ್ಪಟ್ಟವನು ನಿಂತ ನೆಲದಲ್ಲಿ ಅದು ದೊರೆಯುವಂತೆಯೂ ಮಾಡತಕ್ಕದ್ದು. ದುಷ್ಯಂತನಿಗೆ ಸಭೆಯ ಭಯವಿತ್ತು, ಒಪ್ಪೋಣ; ವಾಣಿಯು ನುಡಿಯದೆ ಇದ್ದಿದ್ದರೆ ಶಕುಂತಲೆಯ ಸತ್ಯವು ಕಡಿಮೆಯಾಗುತ್ತಿತ್ತೆ?

ಅಲ್ಲಿಯವರೆಗೆ, ಕೊತ್ತಲ ಬಸವೇಶ್ವರನ ಜಾತ್ರೆಗೆ ಊರಿಗೆ ಬರುವ ಮಗನು, ಯಾವ ಖಾತೆಗೆ ಉಂಗುರದ ಮಾರ್ಗವಿದೆಯೋ ಅದನ್ನಾದರೂ ತಾಯಿಯ ಮೊಬೈಲಿನಲ್ಲಿಯೇ ಹೂಡಿ, ಆ 10 ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆದು ಅವಳ ಪೆಟ್ಟಿಗೆಯಲ್ಲಿರಿಸಿ, ಕೀಲಿಯನ್ನು ಅವಳ ಕೈಗೇ ಕೊಟ್ಟು ಹೋಗಲಿ.