ಗಾಡಿ ಕೈಕೊಟ್ಟಾಗ

ಹಳೇ ಫಿಯೆಟ್ ಇಟ್ಟುಕೊಂಡವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ರಸ್ತೆ ಪಕ್ಕದಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಗಾಡಿ ಕಂಡರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಇದೇನೂ ಧರ್ಮಬುದ್ಧಿಯಲ್ಲ. ಅರ್ಧ ಕುತೂಹಲ, ಇನ್ನರ್ಧ ನಾಳೆ ನಮ್ಮದೂ ಇದೇ ಗತಿ ಎಂಬ ಭಯ. ಇಳಿದು ಹೋಗಿ, ಹೆಸರು ಕೇಳುವ ಮುಂಚೆಯೇ ‘ಪೆಟ್ರೋಲ್ ಬರ್ತಾ ಇದೆಯಾ, ಕರೆಂಟ್ ಬರ್ತಾ ಇದೆಯಾ’ ಎಂದು ಕೇಳುತ್ತೇವೆ.

ನಮ್ಮದು ಬೆಂಗಳೂರಿನ ಪುಟ್ಟ ಗುಂಪು. ಮೂವತ್ತು ಚಿಲ್ಲರೆ ಜನ, ಬಹುಪಾಲು ಪ್ರೀಮಿಯರ್ ಪದ್ಮಿನಿಯವರು. ಕ್ಲಬ್ ಅಂತ ಕರೆದುಕೊಳ್ಳುತ್ತೇವೆ, ಅಷ್ಟೆ. ಕಚೇರಿಯೂ ಇಲ್ಲ, ಬೋರ್ಡೂ ಇಲ್ಲ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸೇರಿ ಇಡ್ಲಿ-ವಡೆ ತಿಂದು, ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲಿ ಯಾವ ಪಾರ್ಟು ಸಿಕ್ಕಿತು, ಶಿವಾಜಿನಗರದ ಗುಜರಿಯಲ್ಲಿ ಯಾರು ಟೋಪಿ ಹಾಕಿದರು ಎಂದು ಹರಟಿ ಮನೆಗೆ ಹೋಗುತ್ತೇವೆ. ನಮ್ಮೆಲ್ಲರಿಗಿಂತ ಚಿಕ್ಕವನು ಇಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗ. ಗಾಡಿ ಅವನ ತಾತನದು. ಅವನಿಗೆ ರಕ್ತದ ಕ್ಯಾನ್ಸರ್ ಎಂಬ ಸುದ್ದಿ ಬಂದ ದಿನ ನಮಗೆ ಕೈಕಾಲು ಆಡಲಿಲ್ಲ. ನಾವು ಅವನಿಗೆ ಏನಾಗಬೇಕು? ನೆಂಟರಲ್ಲ, ನೆರೆಯವರಲ್ಲ, ಓರಗೆಯವರಂತೂ ಅಲ್ಲವೇ ಅಲ್ಲ. ಅವನ ಅಪ್ಪನ ಹೆಸರು ನಮ್ಮಲ್ಲಿ ಅರ್ಧ ಜನಕ್ಕೆ ತಿಳಿಯದು. ಗಾಡಿ ನಂಬರು ಮಾತ್ರ ಎಲ್ಲರಿಗೂ ಬಾಯಿಪಾಠ.

ಒಂದು ವಸ್ತುವಿನ ಮೇಲಿನ ಹುಚ್ಚಿನಿಂದ ಸೇರಿದವರ ನಡುವೆ ಋಣ ಎನ್ನುವುದು ಹುಟ್ಟುತ್ತದೆಯೇ? ಹುಟ್ಟಿದರೆ, ಅದಕ್ಕೆ ಎಷ್ಟು ಭಾರ ಹೊರುವ ಶಕ್ತಿ ಇದೆ?

ಅರಿಸ್ಟಾಟಲನನ್ನು ಕೇಳಿದರೆ ಹೆಚ್ಚೇನೂ ಇಲ್ಲ ಎಂದಾನು. ಅವನು ಗೆಳೆತನವನ್ನು ಮೂರು ಬಗೆಯಾಗಿ ವಿಂಗಡಿಸಿದ: ಉಪಯೋಗಕ್ಕಾಗಿ ಇರುವುದು, ಸುಖಕ್ಕಾಗಿ ಇರುವುದು, ಒಬ್ಬರ ಗುಣವನ್ನು ಮೆಚ್ಚಿ ಇರುವುದು. ಮೊದಲೆರಡು, ಅವುಗಳ ಕಾರಣ ತೀರಿದೊಡನೆ ತೀರಿಹೋಗುತ್ತವೆ. ನಮ್ಮ ಕ್ಲಬ್ಬು ಸಲೀಸಾಗಿ ಎರಡನೆಯ ಖಾನೆಗೆ ಬೀಳುತ್ತದೆ, ಪಾರ್ಟು ಹುಡುಕುವ ವಿಷಯಕ್ಕೆ ಬಂದರೆ ಮೊದಲನೆಯದಕ್ಕೂ. ಕಾಯಿಲೆ ಬಿದ್ದವನು ಗಾಡಿ ಓಡಿಸಲಾರ, ಭಾನುವಾರ ಬರಲಾರ. ಸುಖವೂ ಇಲ್ಲ, ಉಪಯೋಗವೂ ಇಲ್ಲ. ಲೆಕ್ಕದ ಪ್ರಕಾರ ನಾವು ಒಂದು ಸಲ ಹೋಗಿ ನೋಡಿಕೊಂಡು ಬಂದು ಸುಮ್ಮನಾಗಬೇಕಿತ್ತು. ಎಷ್ಟೋ ಗುಂಪುಗಳಲ್ಲಿ ಆಗುವುದೂ ಹಾಗೆಯೇ.

ಆದರೆ ಗೆಳೆತನದ ಅದೇ ಚರ್ಚೆಯ ಕೊನೆಕೊನೆಗೆ ಅವನು ಇನ್ನೊಂದು ಮಾತು ಹೇಳುತ್ತಾನೆ. ಗೆಳೆಯರು ಬದುಕಿನಲ್ಲಿ ಯಾವುದನ್ನು ಹೆಚ್ಚು ಪ್ರೀತಿಸುತ್ತಾರೋ ಅದನ್ನೇ ಒಟ್ಟಿಗೆ ಮಾಡುತ್ತ ದಿನ ಕಳೆಯಬಯಸುತ್ತಾರೆ, ಕೆಲವರು ಕುಡಿಯುತ್ತ, ಕೆಲವರು ಪಗಡೆಯಾಡುತ್ತ, ಕೆಲವರು ಬೇಟೆಯಾಡುತ್ತ, ಕೆಲವರು ತತ್ತ್ವ ಮಾತಾಡುತ್ತ. ಖಾನೆಗಳಿಗಿಂತ ಈ ಪಟ್ಟಿ ನನಗೆ ನಿಜ ಅನ್ನಿಸುತ್ತದೆ. ಇಲ್ಲಿ ಒಬ್ಬರನ್ನೊಬ್ಬರು ಎದುರುಬದುರು ನೋಡಿಕೊಂಡು ಕೂತವರು ಯಾರೂ ಇಲ್ಲ. ಎಲ್ಲರ ಕಣ್ಣೂ ಬೇರೆ ಯಾವುದರ ಮೇಲೋ ಇದೆ.

ಕಾಯಿಲೆಯವರನ್ನು ‘ನೋಡಿಕೊಂಡು ಬರುವ’ ನಮ್ಮ ಪದ್ಧತಿಯನ್ನು ಒಮ್ಮೆ ನೆನೆಸಿಕೊಳ್ಳಿ. ಮೂಸಂಬಿ, ಎಳನೀರು, ಒಂದು ಬ್ರೆಡ್ ಪೊಟ್ಟಣ. ಮಂಚದ ಕಾಲ ಬಳಿ ನಿಂತು ‘ಹೆಂಗಿದ್ದೀಯಪ್ಪಾ, ಎಷ್ಟು ಇಳಿದು ಹೋಗಿದ್ದೀಯಾ’ ಎಂದು ತಲೆಯಿಂದ ಕಾಲಿನವರೆಗೆ ಒಂದು ನೋಟ. ಆಮೇಲೆ ತಮ್ಮ ಷಡ್ಡಕನಿಗೂ ಇದೇ ಆಗಿತ್ತು ಎಂಬ ಕಥೆ. ಬಂದವರ ಮನಸ್ಸು ಒಳ್ಳೆಯದೇ. ಮಲಗಿದವನಿಗೆ ಮಾತ್ರ ದಿನವಿಡೀ ಕಣ್ಣುಗಳ ಮುಂದೆ ಪರೀಕ್ಷೆ. ಡಾಕ್ಟರು ನೋಡುತ್ತಾರೆ, ನರ್ಸು ನೋಡುತ್ತಾರೆ, ಅಮ್ಮ ರೆಪ್ಪೆ ಮುಚ್ಚದೆ ನೋಡುತ್ತಾಳೆ. ಅವನ ಜೊತೆ ಕೂತು ಇನ್ನೊಂದನ್ನು ನೋಡುವವರು ಇರುವುದಿಲ್ಲ.

ಕೀಮೋ ಶುರುವಾಗಿ ಬಿಳಿ ರಕ್ತಕಣ ಇಳಿದಾಗ, ಸೋಂಕಿನ ಭಯಕ್ಕೆ ಒಳಗೆ ಹೋಗುವುದಕ್ಕೇ ಬಿಡಲಿಲ್ಲ. ಆಗ ನಮಗೆ ಉಳಿದದ್ದು ಅವನ ಗಾಡಿ. ನಿಲ್ಲಿಸಿದಲ್ಲೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ, ಕಾರ್ಬ್ಯುರೇಟರಿನಲ್ಲಿ ಗಸಿ ಕಟ್ಟುತ್ತದೆ. ವಾರಕ್ಕೊಬ್ಬರಂತೆ ಹೋಗಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸಿ ಬರುವುದೆಂದು ಗೊತ್ತು ಮಾಡಿಕೊಂಡೆವು. ನನ್ನ ಸರದಿಯ ದಿನ ಫೋನು ಹಚ್ಚಿ ಇಂಜಿನ್ ಹತ್ತಿರ ಹಿಡಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಉಸಿರು ಮಾತ್ರ. ಆಮೇಲೆ ಕಿರಿಕಿರಿಯ ದನಿ: ‘ಅಂಕಲ್, ಫೋನು ಬ್ಯಾಟರಿ ಕಡೆ ಬೇಡ, ಇಂಜಿನ್ ತಲೆ ಮೇಲೆ ಹಿಡೀರಿ... ಕೇಳಿಸ್ತಾ? ಟ್ಯಾಪೆಟ್ ಲೂಸ್ ಆಗಿದೆ. ಯಾರೂ ನೋಡ್ಲಿಲ್ವಾ ಇದನ್ನ?’ ಅವನು ನನ್ನನ್ನು ಬೈದ. ನಾಲ್ಕು ವಾರದಲ್ಲಿ ಎಲ್ಲರೂ ಅವನನ್ನು ಸಮಾಧಾನ ಮಾಡಿದ್ದರು. ತಿರುಗಿ ಬೈಯುವ ಅವಕಾಶ ಯಾರೂ ಕೊಟ್ಟಿರಲಿಲ್ಲ.

ನಾವು ಬರೀ ಒಳ್ಳೆಯದನ್ನೇ ಮಾಡಿದೆವು ಎಂದುಕೊಳ್ಳಬೇಡಿ. ನಮ್ಮಲ್ಲೊಬ್ಬರಿಗೆ ಹುರುಪು ಬಂದು ಅವನ ಫೋಟೋ ಇರುವ ಸ್ಟಿಕರ್ ಮಾಡಿಸಿ ಎಲ್ಲರ ಹಿಂದಿನ ಗಾಜಿಗೂ ಅಂಟಿಸಿದರು. ನಾನೂ ಅಂಟಿಸಿಕೊಂಡೆ. ಸಿಗ್ನಲ್ಲಿನಲ್ಲಿ ಜನ ನೋಡಿದರೆ ಒಳಗೊಳಗೇ ಒಂದು ಬಿಮ್ಮು. ಅವನಿಗೆ ಫೋಟೋ ಕಳಿಸಿದಾಗ ಬಂದ ಉತ್ತರ ಒಂದೇ ಸಾಲು: ‘ದಯವಿಟ್ಟು ನನ್ನ ಮುಖ ತೆಗೀರಿ.’ ಬ್ಲೇಡಿನಿಂದ ಕೆರೆದು ತೆಗೆಯುವಾಗ ಮೂಗಿನ ಭಾಗ ಮಾತ್ರ ಬಿಡದೆ ಅಂಟಿಕೊಂಡಿತ್ತು.

2021ರ ಜುಲೈಯಲ್ಲಿ ಜರ್ಮನಿಯ ವಾಯವ್ಯ ಮೂಲೆಯ ಒಂದು ಊರಿನಲ್ಲಿ ನಡೆದದ್ದು ಆಗ ನೆನಪಾಯಿತು. ಕ್ಯಾನ್ಸರ್ ಆಗಿದ್ದ ಆರು ವರ್ಷದ ಹುಡುಗನಿಗೆ ಮೋಟರ್‌ಸೈಕಲ್ಲಿನ ಸದ್ದೆಂದರೆ ಪ್ರಾಣ. ಮನೆ ಮುಂದೆ ಒಮ್ಮೆ ಹಾದುಹೋಗಿ ಎಂದು ಮನೆಯವರು ಕೇಳಿಕೊಂಡರು. ಕೆಲವೇ ಜನ ಬಂದಾರು ಎಂದುಕೊಂಡಿದ್ದರೆ, ಬಂದವರು ಸುಮಾರು 15,000. ಇದನ್ನು ಮೊದಲು ಓದಿದಾಗ ನನಗೆ ದೊಡ್ಡದಾಗಿ ಕಂಡದ್ದು ಸಂಖ್ಯೆ. ಸ್ಟಿಕರ್ ಕೆರೆದ ಮೇಲೆ ಕಂಡದ್ದು ‘ಹಾದುಹೋಗಿ’ ಎಂಬ ಮಾತು. ಸವಾರ ರಸ್ತೆ ನೋಡಲೇಬೇಕು. ಮಗುವನ್ನು ದಿಟ್ಟಿಸುತ್ತ ನಿಲ್ಲುವಂತಿಲ್ಲ. ನೋಡುವ ಕೆಲಸ ಹುಡುಗನದು.

ಇದಕ್ಕೆಲ್ಲ ಒಂದು ಖಡಕ್ ಆಕ್ಷೇಪಣೆ ಇದೆ, ಅದನ್ನು ಬದಿಗೆ ಸರಿಸುವಂತಿಲ್ಲ. 2013ರ ನವೆಂಬರ್ 15ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರ, ರಕ್ತಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ಐದು ವರ್ಷದ ಬಾಲಕನೊಬ್ಬನನ್ನು ಒಂದು ದಿನದ ಮಟ್ಟಿಗೆ ಬ್ಯಾಟ್‌ಮ್ಯಾನ್ ಮಾಡಿತು. ಲ್ಯಾಂಬೊರ್ಗಿನಿ ಕಾರೇ ಅವನ ಬ್ಯಾಟ್‌ಮೊಬೈಲ್. ಬೀದಿ ತುಂಬ ಸಾವಿರಾರು ಜನ. ಮುಂದಿನ ತಿಂಗಳೇ ತತ್ತ್ವಜ್ಞಾನಿ ಪೀಟರ್ ಸಿಂಗರ್ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಲೆಕ್ಕ ಕೇಳಿದರು. ಆ ಕಾರ್ಯಕ್ರಮ ನಡೆಸಿದ ಮೇಕ್-ಎ-ವಿಶ್ ಸಂಸ್ಥೆಗೆ ಒಂದು ಮಗುವಿನ ಆಸೆ ತೀರಿಸಲು ಆಗ ಸರಾಸರಿ 7,500 ಡಾಲರ್ ಬೇಕಿತ್ತು. ಅದೇ ಹಣ ಸೊಳ್ಳೆಪರದೆಗೆ ಹೋದರೆ ಮಲೇರಿಯಾದಿಂದ ಎರಡು ಮೂರು ಮಕ್ಕಳ ಜೀವವೇ ಉಳಿದೀತು ಎಂಬುದು ಅವರ ಆಗಿನ ಲೆಕ್ಕ. ಕಣ್ಣಿಗೆ ಬಿದ್ದ ಮಗುವಿನ ನಗು ಹೆಚ್ಚೋ, ಕಾಣದ ಮಕ್ಕಳ ಪ್ರಾಣ ಹೆಚ್ಚೋ? 1972ರಿಂದಲೂ ಸಿಂಗರ್ ಕೇಳುತ್ತ ಬಂದದ್ದು ಇದನ್ನೇ: ಕೊಳದಲ್ಲಿ ಮುಳುಗುತ್ತಿರುವ ಮಗು ಎದುರಿಗಿದ್ದರೂ ಸಾವಿರಾರು ಮೈಲಿ ಆಚೆಗಿದ್ದರೂ ನಮ್ಮ ಹೊಣೆಯಲ್ಲಿ ವ್ಯತ್ಯಾಸವೇನು?

ಹಣದ ಮಟ್ಟಿಗೆ ನಾನು ಸೋಲೊಪ್ಪುತ್ತೇನೆ. ನಮ್ಮ ಸ್ಟಿಕರಿನ ದುಡ್ಡಿಗಂತೂ ಯಾವ ಸಮರ್ಥನೆಯೂ ಇಲ್ಲ. ಆದರೆ ನಮ್ಮ ಹುಡುಗನಿಗೆ ನಮ್ಮಿಂದ ಹೆಚ್ಚಾಗಿ ಬೇಕಾದದ್ದು ಪ್ಲೇಟ್ಲೆಟ್. ದಾನಿಯನ್ನು ಯಂತ್ರಕ್ಕೆ ಜೋಡಿಸಿ ರಕ್ತ ತೆಗೆದು, ಪ್ಲೇಟ್ಲೆಟ್ ಮಾತ್ರ ಬೇರೆ ಮಾಡಿ, ಉಳಿದದ್ದನ್ನು ಮೈಗೇ ವಾಪಸು ಬಿಡುತ್ತಾರೆ. ಒಂದೂವರೆ ಗಂಟೆ ಅಲುಗಾಡದೆ ಕೂರಬೇಕು. ಕೆಂಪು ರಕ್ತಕಣವನ್ನು ವಾರಗಟ್ಟಲೆ ಫ್ರಿಜ್ಜಿನಲ್ಲಿಡಬಹುದು; ಪ್ಲೇಟ್ಲೆಟ್ ಸಾಮಾನ್ಯವಾಗಿ ಐದೇ ದಿನ, ಅದೂ ಫ್ರಿಜ್ಜಿನ ಹೊರಗೆ, ಸದಾ ಮೆಲ್ಲಗೆ ತೂಗುತ್ತಿರಬೇಕು. ಕೂಡಿಡುವಂತಿಲ್ಲ, ಮನಿಯಾರ್ಡರ್ ಮಾಡುವಂತಿಲ್ಲ. ಹೊಂದುವ ಗುಂಪಿನ ರಕ್ತದ, ಕರೆದ ಕೂಡಲೇ ಬರುವ ಮನುಷ್ಯ ಅದೇ ಊರಿನಲ್ಲಿರಬೇಕು. ಹತ್ತಿರ ದೂರ ಎಂಬುದು ಬರೀ ಮನಸ್ಸಿನ ಪಕ್ಷಪಾತ ಎನ್ನುವ ಸಿಂಗರ್ ವಾದ ಇಲ್ಲಿ ಸ್ವಲ್ಪ ಎಡವುತ್ತದೆ.

ಅಂಥ ಮನುಷ್ಯರ ಪಟ್ಟಿ ನಮ್ಮಲ್ಲಿ ಮೊದಲೇ ಸಿದ್ಧವಾಗಿತ್ತು. ರಾತ್ರಿ ಹನ್ನೊಂದಕ್ಕೆ ತುಮಕೂರು ರಸ್ತೆಯಲ್ಲಿ ಕ್ಲಚ್ ಕೇಬಲ್ ತುಂಡಾದರೆ ಯಾರಿಗೆ ಫೋನ್ ಮಾಡುವುದು ಎಂಬ ಪಟ್ಟಿ ಅದು. ಹೆಸರಿನ ಮುಂದೆ ಇನ್ನೊಂದು ಗೀಟು ಹೊಡೆದು ಬ್ಲಡ್ ಗ್ರೂಪ್ ಬರೆದುಕೊಂಡೆವು. ಕನ್ನಡದಲ್ಲಿ ಕೈಕೊಡುವುದು ಎಂದರೆ ನಡುದಾರಿಯಲ್ಲಿ ಬಿಡುವುದು. ಗಾಡಿ ಕೈಕೊಟ್ಟಿತು, ಮಳೆ ಕೈಕೊಟ್ಟಿತು. ರಕ್ತನಿಧಿಯ ಆ ಒರಗು ಕುರ್ಚಿಯಲ್ಲಿ ತೋಳು ಚಾಚಿ ಕೂತಾಗ ಆ ಮಾತು ತಿರುಗುಮುರುಗಾಗಿ ಕೇಳಿಸಿತು.

ಊರ ಕಡೆ ಮುಯ್ಯಾಳು ಅನ್ನುತ್ತಾರಲ್ಲ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು, ಕ್ಲಬ್ಬಿನ ಋಣವೂ ಅಂಥದೇ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಆದರೆ ಎರಡು ಮೂರು ವರ್ಷ ಎಳೆಯುವ ಚಿಕಿತ್ಸೆಯಲ್ಲಿ ಸಿಕ್ಕವನು ಮುಯ್ಯಿ ತೀರಿಸುವುದು ಯಾವಾಗ? ತೀರಿಸುತ್ತಾನೆ ಎಂದು ನಂಬುವುದೇ ಅವನಿಗೆ ನಾವು ತೋರಿಸುವ ಮರ್ಯಾದೆ ಇರಬಹುದು. ಅವನು ಟ್ಯಾಪೆಟ್ಟಿಗೆ ಬೈದಾಗ ಒಂದು ಕಂತು ಸಂದಾಯವಾಗಿತ್ತು.

ಸಿಂಗರ್ ಮಾತ್ರ ಅಷ್ಟಕ್ಕೆ ಬಿಡುವವರಲ್ಲ. ಸಾವಿರ ಮೈಲಿ ಬೇಡ, ಆರು ಅಡಿ ಆಚೆಗೆ ಏನಿದೆ ಎಂದು ಕೇಳಿದರೆ? ನಮ್ಮ ಹುಡುಗನ ಪಕ್ಕದ ಮಂಚದಲ್ಲಿ ರಾಯಚೂರು ಕಡೆಯ ಹುಡುಗನಿದ್ದ. ಅದೇ ಕಾಯಿಲೆ, ಅದೇ ಗುಂಪಿನ ರಕ್ತ. ಅವನ ಅಪ್ಪ ಪ್ಲೇಟ್ಲೆಟ್ಟಿಗಾಗಿ ಆಸ್ಪತ್ರೆಯ ಗೇಟಿನಲ್ಲಿ ಕಂಡಕಂಡವರನ್ನು ಕೇಳುತ್ತಿದ್ದ. ಅವನಿಗೆ ಈ ಊರಲ್ಲಿ ಪಟ್ಟಿ ಇರಲಿಲ್ಲ. ನಮ್ಮ ಹುಡುಗನಿಗೆ ಮೂವತ್ತು ತೋಳು, ಇವನಿಗೆ ಒಂದೂ ಇಲ್ಲ ಎಂಬುದಕ್ಕೆ ಇದ್ದ ಕಾರಣ ಇಷ್ಟೆ: ಒಬ್ಬನ ತಾತ ಒಂದು ಫಿಯೆಟ್ ಕೊಂಡಿದ್ದ. ಇದನ್ನು ನ್ಯಾಯ ಎನ್ನಲು ನನಗೆ ಬಾಯಿ ಬರಲಿಲ್ಲ. ನಾವಾಗಿ ಏನಾದರೂ ಮಾಡಿದೆವೋ ಎಂದರೆ, ಅದೂ ಇಲ್ಲ.

ಮಾಡಿದವನು ನಮ್ಮ ಹುಡುಗನೇ. ಒಂದು ಸಂಜೆ ಫೋನು ಮಾಡಿ, ಪಕ್ಕದ ಹುಡುಗನಿಗೆ ನಾಳೆ ಇಬ್ಬರು ಬೇಕು ಎಂದ. ನಿವೃತ್ತಿಗೆ ಎರಡು ವರ್ಷವಿದ್ದ ನಮ್ಮ ಬ್ಯಾಂಕ್ ಮ್ಯಾನೇಜರು, ಒಳ್ಳೆಯವರೇ, ಆದರೆ ಎಲ್ಲಕ್ಕೂ ರೂಲ್ಸು, ಸ್ವಲ್ಪ ತಡೆದು ಕೇಳಿದರು: ‘ಅಲ್ಲಪ್ಪ, ಅವರು ನಮ್ಮ ಗುಂಪಿನವರಲ್ವಲ್ಲ? ಹೀಗೆ ಶುರುವಾದ್ರೆ ಎಲ್ಲಿಗೆ ನಿಲ್ಲುತ್ತೆ?’ ಪ್ರಶ್ನೆ ತಪ್ಪಲ್ಲ. ಎಲ್ಲಿಗೆ ನಿಲ್ಲುತ್ತದೆ ಎಂದು ನನಗೂ ಗೊತ್ತಿಲ್ಲ.

‘ಅವರಪ್ಪ ಟ್ರ್ಯಾಕ್ಟರ್ ಓಡಿಸ್ತಾರೆ ಸರ್’ ಎಂದ ಹುಡುಗ.

ಮರುದಿನ ಮ್ಯಾನೇಜರು ಒರಗು ಕುರ್ಚಿಯಲ್ಲಿ ತೋಳು ಚಾಚಿ, ಮುಷ್ಟಿ ಬಿಗಿಹಿಡಿದು ಸಡಿಲಿಸುತ್ತ ಕೂತಿದ್ದರು. ಬಾಗಿಲ ಹತ್ತಿರ ರಾಯಚೂರಿನ ಅಪ್ಪ ಕೈಮುಗಿದು ನಿಂತಿದ್ದ, ಏನು ಹೇಳಬೇಕೆಂದು ತಿಳಿಯದೆ. ಇವರಿಗೂ ತಿಳಿಯಲಿಲ್ಲ. ಯಂತ್ರ ಎರಡು ಸುತ್ತು ಮುಗಿಸುವವರೆಗೆ ಸುಮ್ಮನಿದ್ದು, ಕೊನೆಗೆ ಕೇಳಿದರು: ‘ಯಾವುದು ಗಾಡಿ? ಮಹೀಂದ್ರಾನೋ, ಮ್ಯಾಸಿನೋ?’