ಸಾಂಗತ್ಯವೂ ಋಣವೂ

ಗೋಕಾಕ, ಹುಕ್ಕೇರಿ, ಹಿಂದೆ ಗೋಕಾಕಕ್ಕೆ ಸೇರಿದ್ದು ಈಗ ಪ್ರತ್ಯೇಕ ತಾಲೂಕವಾಗಿರುವ ಮೂಡಲಗಿ, ಈ ಮೂರೂ ಸೀಮೆಗಳಲ್ಲಿ ಘಟಪ್ರಭೆಯ ನೀರಿನಿಂದ ಕಬ್ಬು ಬೆಳೆಯುವದು. ಆದರೆ ಕಬ್ಬು ಬೆಳೆದ ಮನೆಗಳ ಮಕ್ಕಳು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಬೆಳಗಾವಿ, ಪುಣೆ, ಬೆಂಗಳೂರುಗಳಿಗೆ ಹೋಗಿ ಅಲ್ಲಿಯೇ ನೆಲೆಸುವದುಂಟು. ಹಿರಿಯರು ಹುಟ್ಟಿದ ಊರನ್ನು ಬಿಡಲೊಪ್ಪುವದಿಲ್ಲ. ತಿಂಗಳು ತಿಂಗಳಿಗೆ ಹಣ ಬರುವದು, ಔಷಧ ಬರುವದು. ಪಡಸಾಲೆಯಲ್ಲಿ ಎದುರಿಗೆ ಕುಳಿತು ಮಾತಾಡುವವರು ಮಾತ್ರ ಬರುವದಿಲ್ಲ. ದೊಡ್ಡ ನಗರಗಳಲ್ಲಿ ಇದಕ್ಕಾಗಿ ಸಂಬಳ ಕೊಟ್ಟು ಜೊತೆಗಾರರನ್ನು ನೇಮಿಸುವ ಪದ್ಧತಿಯು ಬೆಳೆದಿದೆ. ಈ ಕಡೆಗೂ ಅದು ಬರದಿರದು. ಇಷ್ಟರಿಂದ ಮಕ್ಕಳ ಋಣವು ತೀರುವದೋ ಎಂಬುದು ವಿಚಾರಿಸತಕ್ಕ ವಿಷಯವು.

ಮೊದಲು ಶಾಸನದ ಮಾತನ್ನು ನೋಡಬೇಕು. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ ಭಾರತದ ಸಂಸತ್ತು 2007ರಲ್ಲಿ ಒಂದು ಕಾಯದೆಯನ್ನು ಮಾಡಿತು. ಪೋಷಣೆಯಲ್ಲಿ ಅನ್ನ, ವಸ್ತ್ರ, ವಸತಿ, ವೈದ್ಯೋಪಚಾರಗಳು ಸೇರುವವೆಂದು ಅದು ಹೇಳುತ್ತದೆ; ಸಾಂಗತ್ಯದ ಹೆಸರು ಅಲ್ಲಿಲ್ಲ. ಇದನ್ನು ಶಾಸನದ ದೋಷವೆನ್ನಲಾಗದು. ಮಗನಿಂದ ಹಣವನ್ನು ಕೊಡಿಸುವ ಅಧಿಕಾರವು ನ್ಯಾಯಪೀಠಕ್ಕುಂಟು. ಅವನಿಂದ ಪ್ರೀತಿಯ ಮಾತನ್ನಾಡಿಸುವ ಅಧಿಕಾರವು ಯಾವ ಪೀಠಕ್ಕೂ ಇಲ್ಲ. ಆದರೂ ಈ ಕೊರತೆಯು ಅಲ್ಪವಾದುದಲ್ಲ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನವು ಬಾಧಿಸುತ್ತಿದೆಯೆಂದೂ, ವರ್ಷಕ್ಕೆ ಸುಮಾರು 8,71,000 ಮರಣಗಳೊಡನೆ ಅದಕ್ಕೆ ಸಂಬಂಧವಿದೆಯೆಂದೂ ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯು ತಿಳಿಸುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆಯ ನೆರೆಯು ಗೋಕಾಕದೊಳಗೆ ನುಗ್ಗಿದ್ದನ್ನು ಎಲ್ಲರೂ ಕಂಡರು. ಒಂಟಿತನದ ನೆರೆಯು ಮುಚ್ಚಿದ ಬಾಗಿಲ ಒಳಗೇ ಏರುವದರಿಂದ ಪಕ್ಕದ ಮನೆಯವರಿಗೂ ಕಾಣದು.

ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ಒಂದು ಪ್ರಸಂಗವುಂಟು. ಅಂಧರಾದ ವೃದ್ಧ ದಂಪತಿಗಳ ಮಗನು ಸರಯೂತೀರದಲ್ಲಿ ದಶರಥನ ಬಾಣಕ್ಕೆ ಬಿದ್ದ ಮೇಲೆ, ಅರಸನು ತಾನೇ ಕೊಡದಲ್ಲಿ ನೀರು ತುಂಬಿಕೊಂಡು ಅವರಲ್ಲಿಗೆ ಹೋಗುತ್ತಾನೆ. ಹೆಜ್ಜೆಯ ಸಪ್ಪಳವನ್ನು ಕೇಳಿ ಮಗನೇ ಬಂದನೆಂದು ತಿಳಿದ ಮುದುಕನು, ನೀರನ್ನು ಬೇಗನೆ ತಾರೆಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ತಡವೇಕಾಯಿತು, ತಮ್ಮೊಡನೆ ಏಕೆ ಮಾತಾಡಲೊಲ್ಲೆ ಎಂದು ಕೇಳಿದನು. ನೀರು ಬಂದಿತ್ತು, ಮಾತು ಬಂದಿರಲಿಲ್ಲ. ಹೊತ್ತಿಗೆ ಸರಿಯಾಗಿ ಹಣ ಮುಟ್ಟಿಸಿ ಮೌನವಾಗಿರುವ ಮಕ್ಕಳ ಮನೆಗಳಲ್ಲಿ ಆ ಪ್ರಶ್ನೆಯು ಇಂದಿಗೂ ಉಳಿದಿದೆ.

ಇಲ್ಲಿ ಪೂರ್ವಪಕ್ಷವೊಂದುಂಟು. ನೀರನ್ನು ಯಾರು ತಂದರೂ ದಾಹವು ಹಿಂಗುವಂತೆ, ಮಾತನ್ನು ಯಾರಾಡಿದರೂ ಮನಸ್ಸು ತಣಿಯಬಾರದೇಕೆ? ಈ ಮಾತಿನಲ್ಲಿ ಸತ್ಯಾಂಶವಿದೆ. ಸಂಬಳಕ್ಕೆ ಬರುವ ಹೆಣ್ಣುಮಗಳನ್ನು ಹೀನವಾಗಿ ಕಾಣುವದು ಅಧರ್ಮವು. ಒಮ್ಮೊಮ್ಮೆ ರಕ್ತಸಂಬಂಧಿಕರಿಗಿಂತ ಅವಳೇ ಹೆಚ್ಚು ಆಪ್ತಳಾಗುವಳು. ಆದರೆ ಸಂಬಳವು ಕೊಳ್ಳುವದು ಅವಳ ಹೊತ್ತನ್ನು ಮಾತ್ರ. ಅನ್ನವಸ್ತ್ರಗಳನ್ನು ಒಬ್ಬರು ಕೊಟ್ಟು ಇನ್ನೊಬ್ಬರು ಪಡೆಯಬಹುದು. ಸಾಂಗತ್ಯವಾದರೋ ಇಬ್ಬರೂ ಕೊಟ್ಟು ಇಬ್ಬರೂ ಪಡೆದಾಗಲೇ ಹುಟ್ಟುವದು. ಅಜ್ಜಿಯು ಆ ಹೆಣ್ಣುಮಗಳಿಗೆ ಹೋಳಿಗೆಯ ಕಣಕದ ಹದವನ್ನು ಕಲಿಸಿ, ಅವಳ ಮಕ್ಕಳ ಓದುಬರಹವನ್ನು ವಿಚಾರಿಸಿದ ದಿನ ಕೂಲಿಯ ಹೊತ್ತು ಸಾಂಗತ್ಯವಾಗುವದು. ಕೊಡುವವರು ಎಷ್ಟು ಜನರಿದ್ದರೂ, ತನ್ನಿಂದ ಯಾರೂ ಏನನ್ನೂ ಬೇಡರೆಂಬುದೇ ಮುಪ್ಪಿನ ಕಠಿನವಾದ ದುಃಖವು.

ಆದುದರಿಂದ ದೂರದ ಮಗನು ಹಣವನ್ನು ಕಳಿಸಲಿ, ಜೊತೆಗಾರರನ್ನು ನೇಮಿಸಲಿ, ಅದು ಪೋಷಣೆ. 2021ರಲ್ಲಿ ದೇಶಕ್ಕೆಲ್ಲ ತೆರೆದ 14567 ಎಂಬ ಹಿರಿಯರ ಸಹಾಯವಾಣಿಯ ಅಂಕೆಯನ್ನು ಗೋಡೆಯ ಮೇಲೆ ಬರೆದಿಡಲಿ. ಅದು ಆಪತ್ತಿಗೆ ಆಸರೆ. ಆದರೆ ಋಣವು ತೀರಬೇಕಾದರೆ ಅವನು ಬೇಡುವವನಾಗಿಯೂ ಬರಬೇಕು. ಗುಳಿಗೆ ತೆಗೆದುಕೊಂಡಿರೋ ಎಂದು ಫೋನಿನಲ್ಲಿ ಕೇಳುವದರೊಡನೆ ಹೊಲದ ಬದುವಿನ ಗುರುತನ್ನು, ಬೀಗರೊಡನೆ ಬಂದ ಮನಸ್ತಾಪಕ್ಕೆ ಪರಿಹಾರವನ್ನು, ಹುಟ್ಟಿದ ಕೂಸಿಗೆ ಹೆಸರನ್ನು ಕೇಳಲಿ. ನೆರೆಹೊರೆಯ ವಿದ್ಯಾವಂತರು ತಮ್ಮ ಮಕ್ಕಳನ್ನು ಆ ಹಿರಿಯರಲ್ಲಿಗೆ ಸೇವೆಗೆಂದು ಕಳಿಸದೆ ಕಲಿಯಲೆಂದು ಕಳಿಸಲಿ. ಹಿರಿಯರ ಋಣವನ್ನು ತೀರಿಸುವ ಮಾರ್ಗವು ವಿಲಕ್ಷಣವಾದುದು: ಅವರಿಂದ ಇನ್ನಷ್ಟು ಸಾಲವನ್ನು ಪಡೆಯುವದೇ ಆ ಮಾರ್ಗವು.