ಅಭಿಮಾನದ ಚಿತ್ರವೂ ಮಾರಾಟದ ಹಕ್ಕೂ

ತಾನು ಪ್ರೀತಿಸಿದುದೆಲ್ಲವೂ ತನ್ನದೆಂದು ಭಾವಿಸುವುದು ಮಾನವನ ಸ್ವಭಾವ. ಆದರೆ ಭಾವದಿಂದ ತನ್ನದಾದುದು ನ್ಯಾಯದಿಂದಲೂ ತನ್ನದಾಗುವುದೇ ಎಂಬುದು ಬೇರೆಯ ಪ್ರಶ್ನೆ. ಶರಣರು ಕಾಯಕವನ್ನು ಬೋಧಿಸಿದಾಗ ದುಡಿಮೆಯನ್ನು ಮಾತ್ರ ಹೊಗಳಲಿಲ್ಲ. ದುಡಿಮೆಯ ಮೂಲವೂ ಅದರಿಂದ ಬಂದ ಫಲವೂ ಶುದ್ಧವಾಗಿರಬೇಕೆಂದು ವಿಧಿಸಿದರು. ಈ ವಿಧಿಯು ಇಂದಿನ ತರುಣ ಚಿತ್ರಕಾರರ ಒಂದು ಹೊಸ ಕಾಯಕಕ್ಕೆ ಹೇಗೆ ಅನ್ವಯಿಸುವುದೆಂಬುದು ವಿಚಾರಾರ್ಹವಾಗಿದೆ.

ಮೆಚ್ಚಿದ ಚಲನಚಿತ್ರದ ಅಥವಾ ಕಥೆಯ ಪಾತ್ರವನ್ನು ಅಭಿಮಾನಿಯು ತನ್ನ ಕೈಯಾರೆ ಬರೆದರೆ ಅದನ್ನು ಫ್ಯಾನ್ ಆರ್ಟ್ ಎಂದು ಕರೆಯುವುದು ವಾಡಿಕೆ. ಕನ್ನಡದಲ್ಲಿ ಅಭಿಮಾನಚಿತ್ರವೆನ್ನಬಹುದು. ಶಿವಮೊಗ್ಗೆಯ ಆಲ್ಕೊಳದಲ್ಲಿ ಅಂತಹ ಒಬ್ಬ ಬಡ ವಿದ್ಯಾರ್ಥಿಯಿರುವನೆಂದು ಭಾವಿಸೋಣ. ಅವನು ಅಕ್ಕಮಹಾದೇವಿಯ ಚಿತ್ರವೊಂದನ್ನೂ ಹೊಸ ಚಲನಚಿತ್ರವೊಂದರ ನಾಯಕನ ಚಿತ್ರವೊಂದನ್ನೂ ಬರೆದು, ಎರಡನ್ನೂ ಅಂಗಿಗಳ ಮೇಲೆ ಅಚ್ಚು ಹಾಕಿಸಿ ಒಂದೇ ಬೆಲೆಗೆ ಮಾರುತ್ತಾನೆ. ಶ್ರಮವು ಒಂದೇ, ಪ್ರೀತಿಯೂ ಒಂದೇ. ಹಕ್ಕೂ ಒಂದೇ ಆಗಿರುವುದೇ?

ಅಕ್ಕನ ಉಡುತಡಿಯೂ ಅಲ್ಲಮಪ್ರಭುವಿನ ಬಳ್ಳಿಗಾವಿಯೂ ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನವು. ಹನ್ನೆರಡನೆಯ ಶತಮಾನದ ಆ ಮಹಾನುಭಾವರ ಚರಿತೆಗೆ ಒಡೆಯರಿಲ್ಲ. ಅದು ಸಮಸ್ತರ ಸೊತ್ತು. ವಿದ್ಯಾರ್ಥಿಯು ತನ್ನ ಕಲ್ಪನೆಯಿಂದ ಅಕ್ಕನನ್ನು ಚಿತ್ರಿಸಿದರೆ ಕಾನೂನು ಅಡ್ಡಬರುವುದಿಲ್ಲ. ಚಲನಚಿತ್ರದ ಪಾತ್ರದ ವಿಷಯ ಹಾಗಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಕೃತಿಯನ್ನು ಪುನರುತ್ಪಾದಿಸುವ, ರೂಪಾಂತರಿಸುವ ಹಕ್ಕು ಅದರ ಸ್ವಾಮಿಗೆ ಸೇರಿದೆ. ಗ್ರಂಥ ಮತ್ತು ಚಿತ್ರಗಳಲ್ಲಿ ಈ ಹಕ್ಕು ಕರ್ತೃವಿನ ಜೀವಮಾನವೂ ಅನಂತರ 60 ವರ್ಷಗಳೂ ಉಳಿಯುತ್ತದೆ. ಚಲನಚಿತ್ರದಲ್ಲಿ ಪ್ರಕಟವಾದಂದಿನಿಂದ 60 ವರ್ಷ. ಅದೇ ಅಧಿನಿಯಮದ 52ನೆಯ ಪ್ರಕರಣವು ಸ್ವಂತದ ಉಪಯೋಗ, ಅಧ್ಯಯನ, ವಿಮರ್ಶೆ ಇವುಗಳಿಗೆ ನ್ಯಾಯೋಚಿತ ಬಳಕೆಯನ್ನು ಅನುಮತಿಸುತ್ತದೆ. ಆದ್ದರಿಂದ ಅಭ್ಯಾಸಕ್ಕಾಗಿ ಬರೆದು ಮನೆಯ ಗೋಡೆಗೆ ತೂಗಿಸಿದ ಚಿತ್ರವು ದೋಷವೆನಿಸದು. ಅದನ್ನೇ ಅಚ್ಚು ಹಾಕಿಸಿ ಮಾರಿದಾಗ ಆ ಆಶ್ರಯವು ದುರ್ಬಲವಾಗುತ್ತದೆ.

ಇಲ್ಲಿಯೂ ಒಂದು ಮೇರೆಯುಂಟು. ಭಾವನೆಗೆ ಸ್ವಾಮ್ಯವಿಲ್ಲ, ಭಾವನೆಯು ತಳೆದ ರೂಪಕ್ಕೆ ಮಾತ್ರ ಸ್ವಾಮ್ಯವೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆರ್. ಜಿ. ಆನಂದರ ನಾಟಕದ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಶೌರ್ಯವುಳ್ಳ ನಾಯಕನೆಂಬ ಕಲ್ಪನೆ ಎಲ್ಲರದು. ಆ ಚಲನಚಿತ್ರವು ಕೊಟ್ಟ ವೇಷ, ಆಯುಧ, ಹೆಸರು ಸೇರಿದ ಆ ವಿಶಿಷ್ಟ ರೂಪ ಎಲ್ಲರದಲ್ಲ. ಜೀವಂತ ನಟನ ಮುಖವಾದರೆ ಮತ್ತೊಂದು ಹಕ್ಕು ಸೇರಿಕೊಳ್ಳುತ್ತದೆ. ಅಮಿತಾಭ್ ಬಚ್ಚನ್ ಅವರ ಹೆಸರು, ರೂಪ, ಧ್ವನಿಗಳನ್ನು ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂದು ದೆಹಲಿಯ ಉಚ್ಚ ನ್ಯಾಯಾಲಯವು 2022ರಲ್ಲಿ ತಡೆಯಾಜ್ಞೆ ನೀಡಿತು.

ಆದರೆ ಕಾನೂನಿನ ಭಯದಿಂದ ಮಾತ್ರ ಸುಮ್ಮನಿರುವುದು ಧರ್ಮವಲ್ಲ. ಧರ್ಮದ ಮರ್ಮವು ಎದುರಿನವನ ಸ್ಥಾನದಲ್ಲಿ ನಿಂತಾಗ ತಿಳಿಯುತ್ತದೆ. ಕಾಸರಗೋಡು ಜಿಲ್ಲೆಯ ಕುಂಬಳೆಯ ಚಿತ್ರಕಾರ ಕರಣ್ ಆಚಾರ್ಯರು 2015ರಲ್ಲಿ ತಮ್ಮೂರಿನ ಗೆಳೆಯರ ಧ್ವಜಕ್ಕಾಗಿ ಕೇಸರಿ ಮತ್ತು ಕಪ್ಪು ಬಣ್ಣಗಳಲ್ಲಿ ಹನುಮಂತನ ಮುಖವನ್ನು ಬರೆದರು. ಅನತಿಕಾಲದಲ್ಲಿ ಅದು ದೇಶದ ಅಸಂಖ್ಯ ವಾಹನಗಳ ಗಾಜಿನ ಮೇಲೆ ಕಾಣಿಸಿಕೊಂಡಿತು. 2018ರಲ್ಲಿ ಪ್ರಧಾನಮಂತ್ರಿಗಳೇ ಮಂಗಳೂರಿನ ಸಭೆಯಲ್ಲಿ ಅದನ್ನು ಕೊಂಡಾಡಿದರು. ಅಂಟುಚೀಟಿಗಳನ್ನು ಅಚ್ಚು ಹಾಕಿ ಮಾರಿದವರು ಮಾತ್ರ ಚಿತ್ರಕಾರನನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಹನುಮಂತನು ಯಾರ ಸೊತ್ತೂ ಅಲ್ಲವೆಂಬುದು ದಿಟ. ಆದರೆ ಆ ರೇಖೆಗಳು ಒಬ್ಬನ ಕೈಯವು. ದೇವರು ಎಲ್ಲರವನಾದುದರಿಂದ ಚಿತ್ರವೂ ಎಲ್ಲರದೆಂದು ವಾದಿಸುವವನು ದೇವರ ಹೆಸರಿನಲ್ಲಿ ಕಾಯಕಜೀವಿಯ ಫಲವನ್ನು ಅಪಹರಿಸುತ್ತಾನೆ. ಆಲ್ಕೊಳದ ವಿದ್ಯಾರ್ಥಿಯ ಅಕ್ಕನ ಚಿತ್ರವನ್ನು ನಾಳೆ ಮತ್ತೊಬ್ಬನು ಹೀಗೆಯೇ ಕದ್ದು ಮಾರಿದರೆ ಅವನ ಮನಸ್ಸು ನೋಯದಿರುವುದೇ? ನೋಯುವುದಾದರೆ, ಆ ನೋವೇ ಅವನಿಗೆ ಚಲನಚಿತ್ರದ ಕಲಾವಿದರ ಪರವಾಗಿ ಸಾಕ್ಷಿ ನುಡಿಯುತ್ತದೆ.

ವಚನಗಳನ್ನು ಶರಣರು ಯಾರಿಗೂ ಮಾರಲಿಲ್ಲ, ಜ್ಞಾನಕ್ಕೆ ಬೇಲಿ ಹಾಕುವುದು ತರವಲ್ಲ ಎಂದು ಕೆಲವರು ಆಕ್ಷೇಪಿಸುವರು. ವಚನಗಳು ಸರ್ವರ ಸೊತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಚನಕಾರರು ಅಂಕಿತವನ್ನು ಬಿಡಲಿಲ್ಲವೆಂಬುದನ್ನೂ ಗಮನಿಸಬೇಕು. ಅವರಲ್ಲಿ ಹೆಚ್ಚಿನವರು ಅಂಕಿತದಲ್ಲಿ ತಮ್ಮ ಹೆಸರನ್ನಿಡದೆ ಇಷ್ಟದೈವದ ಹೆಸರನ್ನಿಟ್ಟರು. ಅಹಂಕಾರವು ಅಳಿಯಿತು, ನುಡಿಯ ಹೊಣೆ ಮಾತ್ರ ಅಳಿಯಲಿಲ್ಲ. ಯಾವ ನುಡಿ ಯಾರದೆಂದು ಇಂದಿಗೂ ತಿಳಿಯುವುದು ಅದರಿಂದಲೇ. ಫ. ಗು. ಹಳಕಟ್ಟಿಯವರು ಮನೆಮನೆಯ ತಾಡವೋಲೆಗಳನ್ನು ಅರಸಿ, ತಮ್ಮ ಮನೆಯನ್ನೇ ಮಾರಿ ಮುದ್ರಣಾಲಯವನ್ನು ಸ್ಥಾಪಿಸಿ ವಚನಗಳನ್ನು ನಾಡಿಗೆ ನೀಡಿದರು. ತಾವು ಸಂಗ್ರಹಿಸಿದುದನ್ನು ತಮ್ಮ ರಚನೆಯೆಂದು ಅವರು ಎಂದೂ ಹೇಳಿಕೊಳ್ಳಲಿಲ್ಲ. ಪ್ರೀತಿಸಿದ ವಸ್ತುವಿಗೆ ಅಭಿಮಾನಿಯು ಸಲ್ಲಿಸಬೇಕಾದ ಗೌರವದ ಮಾದರಿ ಇದು.

ಚಲನಚಿತ್ರದ ಒಡೆಯನು ಕೋಟ್ಯಧೀಶ್ವರ, ಹುಡುಗನು ಬಡವ, ನಾಲ್ಕು ಅಂಗಿಗಳಿಂದ ಯಾರಿಗೆ ನಷ್ಟ ಎಂಬ ಎರಡನೆಯ ಆಕ್ಷೇಪವು ಹೆಚ್ಚು ಬಲವಾದುದು. ಇಂತಹ ಸಣ್ಣ ಮಾರಾಟವನ್ನು ಒಡೆಯರು ಅನೇಕ ವೇಳೆ ಕಂಡೂ ಕಾಣದಂತಿರುವುದುಂಟು. ಸ್ವಲ್ಪ ಶುಲ್ಕಕ್ಕೆ ಸುಲಭವಾಗಿ ಅನುಮತಿ ಕೊಡುವುದು ಒಡೆಯರ ಕರ್ತವ್ಯವೂ ಹೌದು. ಅಭಿಮಾನಿಗಳಿಂದಲೇ ಬೆಳೆದವನು ಅಭಿಮಾನಿಗೆ ಬಾಗಿಲು ಮುಚ್ಚುವುದು ದಾಸೋಹಬುದ್ಧಿಯಲ್ಲ. ಆದರೂ ಕಣ್ಣುಮುಚ್ಚುವಿಕೆಯು ಒಪ್ಪಿಗೆಯಲ್ಲ, ಒಡೆಯನ ಲೋಭವು ಕೊಳ್ಳುವವನ ಹಕ್ಕಾಗುವುದಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಪ್ರಸಂಗವು ಸರ್ವವಿದಿತ. ಅವರ ಮನೆಯಲ್ಲಿಯೂ ಬಡತನವಿತ್ತು, ಅಂಗಳದಲ್ಲಿ ಚೆಲ್ಲಿದ ಅಕ್ಕಿಗಾಗಿ ಯಾರೂ ಅಳುತ್ತಿರಲಿಲ್ಲ. ಯಾರಿಗೆ ನಷ್ಟವೆಂದು ಲಕ್ಕಮ್ಮ ಕೇಳಲಿಲ್ಲ. ಇದು ನಮ್ಮದೇ ಎಂದು ಕೇಳಿದಳು.

ಆದ್ದರಿಂದ ತರುಣ ಚಿತ್ರಕಾರನು ಮಾರಾಟಕ್ಕೆ ಮೊದಲು ತನ್ನನ್ನು ತಾನು ಮೂರು ಮಾತು ಕೇಳಿಕೊಳ್ಳಲಿ. ಇದರಲ್ಲಿ ನನ್ನದೆಷ್ಟು, ಪರರದೆಷ್ಟು? ಪರರದಕ್ಕೆ ಅವರ ಒಪ್ಪಿಗೆಯುಂಟೇ? ಮೂಲದ ಹೆಸರನ್ನು ಮರೆಮಾಡದೆ ಹೇಳಿರುವೆನೇ? ಹೆಸರು ಹೇಳಿದ ಮಾತ್ರಕ್ಕೆ ಒಪ್ಪಿಗೆ ಬೇಡವೆಂದಲ್ಲ. ಒಪ್ಪಿಗೆ ದೊರೆತ ಮಾತ್ರಕ್ಕೆ ಹೆಸರು ಬೇಡವೆಂದೂ ಅಲ್ಲ. ಒಪ್ಪಿಗೆ ದೊರೆಯದಿದ್ದಲ್ಲಿ ಆ ಚಿತ್ರವು ಗೋಡೆಯ ಮೇಲಿರಲಿ, ಕೈಯು ಅದರಿಂದ ಪಳಗಲಿ. ಹೀಗೆ ಪಳಗಿದ ಕೈಗೆ ಉಡುತಡಿಯ ಅಕ್ಕನೂ ಬಳ್ಳಿಗಾವಿಯ ಅಲ್ಲಮನೂ ಕಾದಿದ್ದಾರೆ. ಅವರನ್ನು ತನ್ನದೇ ಕಣ್ಣಿನಿಂದ ಕಂಡು ಬರೆದು ಗಳಿಸಿದ ಒಂದು ರೂಪಾಯಿಯೂ ಲಿಂಗಾರ್ಪಿತಕ್ಕೆ ಯೋಗ್ಯವಾದುದು.